ಕೋಲಿನ ಮೇಲಿನ ಬಿಳುಪು

"ಕೈ ಹಿಂದಕ್ಕೆ ತೊಗೊಳ್ಳಿ."

"ಅದು ನಮ್ಮ ಮನೆ ಕೋಲು ಕಣ್ರೀ."

"ಯಾರ ಮನೇದಾದ್ರೂ ಆಗಿರ್ಲಿ. ಗ್ಲೌಸ್ ಹಾಕ್ಕೊಳ್ಳದೆ ಮುಟ್ಟೋ ಹಾಗಿಲ್ಲ."

ಅಮೆಂಜೆ ಮತ್ತು ಉವಾದಿಯೆ ಆಡಿದ ಮೊದಲ ಮಾತುಗಳು ಇವು. ಪ್ರೀತಿ ಶುರುವಾಗುವುದಕ್ಕೆ ಇದಕ್ಕಿಂತ ಚೆಂದದ ಮಾತು ಬೇಕಿತ್ತೇನೋ. ಆದರೆ ಬೆನಿನ್ ನಗರದ ಮ್ಯೂಸಿಯಮ್ಮಿನ ಆ ಹೊಸ ಉಗ್ರಾಣದಲ್ಲಿ ಅಂದು ಚೆಂದದ ಮಾತಿಗೆ ಪುರುಸೊತ್ತು ಯಾರಿಗಿತ್ತು? ಯುರೋಪಿನಿಂದ ಪೆಟ್ಟಿಗೆಗಳು ಬಂದಿದ್ದವು. ಇಂಗ್ಲಿಷರ ಪಡೆ ಊರಿಗೆ ಬೆಂಕಿಯಿಟ್ಟು, ಅರಮನೆಯನ್ನೂ ಮನೆಮನೆಯ ಹಿರಿಯರ ಜಗಲಿಗಳನ್ನೂ ಬರಿದು ಮಾಡಿ ಹೊತ್ತುಕೊಂಡು ಹೋದದ್ದು ಮುತ್ತಜ್ಜಂದಿರ ಕಾಲದಲ್ಲಿ. ಹೋದದ್ದರಲ್ಲಿ ಒಂದಿಷ್ಟು ಈಗ ಹತ್ತಿಯಲ್ಲಿ ಸುತ್ತಿಸಿಕೊಂಡು, ವಿಮಾನ ಹತ್ತಿ, ವಾಪಸು ಬಂದಿತ್ತು. ಕದ್ದವರು ಹಿಂದಿರುಗಿಸುವಾಗ ಎಷ್ಟು ನಾಜೂಕು ನೋಡಿ.

ಪೆಟ್ಟಿಗೆ ಬಿಚ್ಚಿ ಒಳಗಿನದನ್ನು ಪರೀಕ್ಷಿಸುವುದು, ಕೆಡದಂತೆ ಕಾಯುವುದು ಅಮೆಂಜೆಯ ಕೆಲಸ. ಉವಾದಿಯೆ ಕೆತ್ತನೆಯವರ ಬೀದಿಯ ಮರಗೆಲಸದವನು. ಮನೆತನದ ಕೋಲು ಬರುತ್ತಿದೆಯೆಂದು ಅಪ್ಪನನ್ನು ಕರೆದುಕೊಂಡು ಬಂದಿದ್ದ. ಅಪ್ಪ, ಪಾ ಇಯಾಮು, ಆ ಮನೆತನದ ಯಜಮಾನರು. ಬಿಳಿ ಬಟ್ಟೆಯುಟ್ಟು, ಹವಳದ ಸರ ಹಾಕಿಕೊಂಡು, ಮದುವೆಗೆ ಬಂದವರ ಹಾಗೆ ನಿಂತಿದ್ದರು.

ಕೋಲು ಎದೆಮಟ್ಟದ್ದು. ಕಪ್ಪು ಮರ, ಉದ್ದಕ್ಕೂ ಗಂಟುಗಂಟಾದ ಕೆತ್ತನೆ, ತುದಿಯ ಪೊಳ್ಳಿನೊಳಗೆ ಸಡಿಲವಾದೊಂದು ಬೆಣೆ. ಯಜಮಾನ ಅದನ್ನು ನೆಲಕ್ಕೆ ಕುಟ್ಟಿದರೆ ಬೆಣೆ ಕಟಕಟ ಎನ್ನುತ್ತದೆ. ಆ ಸದ್ದಿಗೆ ತೀರಿಹೋದ ಹಿರಿಯರು ಎದ್ದು ಬಂದು ಮಾತು ಕೇಳಿಸಿಕೊಳ್ಳುತ್ತಾರೆ. ಇಷ್ಟು ವರ್ಷ ಅದು ಗಾಜಿನ ಹಿಂದೆ ಬಾಯಿ ಕಟ್ಟಿಕೊಂಡು ನಿಂತಿತ್ತು. ಈ ಮನೆಯವರು ಬೇರೊಂದು ಕೋಲು ಕೆತ್ತಿಕೊಂಡು ಹೇಗೋ ನಡೆಸಿಕೊಂಡು ಬಂದಿದ್ದರು.

ಹತ್ತಿ ಸರಿಸಿದಾಗ ಪಾ ಇಯಾಮು ಮುಖ ಮುಚ್ಚಿಕೊಂಡು ಅತ್ತರು. ಕೆತ್ತನೆಯ ಸಂದುಗೊಂದುಗಳಲ್ಲೆಲ್ಲ ಬೆಳ್ಳಗಿನ ಪುಡಿ ಕೂತಿತ್ತು.

"ಬಿಳಿಜೇಡಿ! ನೋಡೋ ಮಗಾ, ನಮ್ಮಜ್ಜ ಕೈಯಾರೆ ಹಚ್ಚಿದ ಬಿಳಿಜೇಡಿ! ಅಷ್ಟು ದೂರ ಹೋಗಿಬಂದ್ರೂ ಉದುರಿಲ್ಲ!"

ಬಿಳಿಜೇಡಿಯಿಲ್ಲದೆ ಅಲ್ಲಿ ಯಾವ ಸಂತೋಷವೂ ಇಲ್ಲ. ಮಗು ಹುಟ್ಟಲಿ, ವ್ಯಾಜ್ಯ ಗೆಲ್ಲಲಿ, ಆ ಬಿಳಿ ಮಣ್ಣು ಹಣೆಗೆ ಬೀಳಬೇಕು, ಚಿಟಿಕೆಯಷ್ಟು ನಾಲಿಗೆಗೂ ಹತ್ತಬೇಕು. ಅಮೆಂಜೆಯೂ ಅದನ್ನು ಹಣೆಗೆ ಹಚ್ಚಿಸಿಕೊಂಡೇ ಬೆಳೆದವಳು. ಆದರೂ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಈ ಊರಿನ ಮರಕ್ಕೆ ಹುಳು ಬೀಳದೆ ಇರುವುದುಂಟೇ? ಈ ಕೋಲಿನಲ್ಲಿ ಸೂಜಿಮೊನೆಯಷ್ಟು ತೂತೂ ಇರಲಿಲ್ಲ. ಹತ್ತಿರ ಬಾಗಿದರೆ ಹಳೆಯ ಡಾಂಬರು ಗುಳಿಗೆಯ ವಾಸನೆ.

ಇನ್ನೊಮ್ಮೆ ಬಾಗಿ ನೋಡಬೇಕೆಂದುಕೊಂಡಳು. ಅಷ್ಟರಲ್ಲಿ ಮಗರಾಯ ಮೆಲ್ಲಗೆ ಕೇಳಿದ.

"ಬೆಳಿಗ್ಗೆ ಎದ್ದು ನಿಮ್ಮಪ್ಪನಿಗೆ ಏನಂತ ನಮಸ್ಕಾರ ಹೇಳ್ತೀರಿ?"

ಅಮೆಂಜೆಯ ಕಿವಿ ಬಿಸಿಯಾಯಿತು. ಅವರಲ್ಲಿ ಒಂದೊಂದು ಮನೆತನಕ್ಕೂ ಬೆಳಗಿನ ನಮಸ್ಕಾರದ ಮಾತು ಬೇರೆ. ಒಂದೇ ಮಾತಿನವರು ಅಣ್ಣತಂಗಿಯರ ಲೆಕ್ಕ, ಮದುವೆಯಾಗುವಂತಿಲ್ಲ. ಹುಡುಗನೊಬ್ಬ ಹುಡುಗಿಯನ್ನು ಈ ಪ್ರಶ್ನೆ ಕೇಳಿದನೆಂದರೆ ಅವನ ಮನಸ್ಸು ಎಲ್ಲಿಗೆ ಓಡಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

"ನಿಮಗ್ಯಾಕೆ ಅದು?"

"ಸುಮ್ನೆ. ತಿಳ್ಕೊಂಡಿದ್ರೆ ಒಳ್ಳೇದಲ್ವಾ."

"ಲಾತೊಸೆ," ಎಂದಳು, ಹೇಳಬಾರದೆಂದುಕೊಂಡೇ.

"ಸದ್ಯ," ಎಂದ ಅವನು ಉಸಿರು ಬಿಟ್ಟು. "ನಮ್ದು ಬೇರೆ."

ಅವನ ಕಣ್ಣಿನ ತುದಿಯಲ್ಲಿ ನಗು. ಅವಳು ಆ ನಗುವನ್ನು ನೋಡಿದಳು, ನೋಡಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದಳು. ಅದೇ ಗಳಿಗೆಯಲ್ಲಿ ಪಾ ಇಯಾಮು ತಮ್ಮ ಕರ್ಚೀಫನ್ನು ಕೋಲಿನ ಉದ್ದಕ್ಕೂ ಮೆಲ್ಲಗೆ ಒರೆಸಿ, ಮಡಚಿ, ಎದೆಯ ಬಟ್ಟೆಯೊಳಗೆ ಇಟ್ಟುಕೊಂಡರು. ಅವಳು ತಿರುಗಿದಾಗ ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದಾರೆ ಎಂದುಕೊಂಡಳು.

ಮರುದಿನ ಬೀಗ ತೆಗೆದಾಗ ಕೋಲಿದ್ದ ಹಲಗೆಯ ಮೇಲೆ ಇರುವೆಗಳು ಸತ್ತು ಬಿದ್ದಿದ್ದವು. ಗೋಡೆಯಿಂದ ಸಾಲುಗಟ್ಟಿ ಬಂದು, ಕೋಲಿನ ಬುಡ ಮುಟ್ಟಿ, ಅಲ್ಲಲ್ಲೇ ಮಗುಚಿಕೊಂಡಿದ್ದವು. ಕಸ ಗುಡಿಸುವಾಕೆ ಪೊರಕೆ ಅಲ್ಲೇ ಬಿಟ್ಟು ಹೊರಗೆ ಓಡಿದಳು.

"ಸಿಟ್ಟಾಗಿದ್ದಾರೆ ಕಣಮ್ಮ ಹಿರಿಯರು. ಇಷ್ಟು ವರ್ಷ ಬಿಟ್ಟಿದ್ದಕ್ಕೆ ಸಿಟ್ಟಾಗಿದ್ದಾರೆ."

ಅಮೆಂಜೆ ಪುಡಿಯನ್ನು ಸ್ವಲ್ಪ ಕೆರೆದು ಲಾಗೋಸಿನ ಲ್ಯಾಬಿಗೆ ಕಳಿಸಿದಳು. ಕೋಲನ್ನು ಕಳಿಸಿದ ಯುರೋಪಿನ ಮ್ಯೂಸಿಯಮ್ಮಿಗೆ ಫೋನ್ ಮಾಡಿದಳು. ಅಲ್ಲಿನ ಹೆಂಗಸು ಬಲು ವಿನಯದಿಂದ, ಹುಳುಹುಪ್ಪಟೆಗೆ ಏನಾದರೂ ಹಾಕಿದ್ದರೋ ಇಲ್ಲವೋ ನಮಗೆ ತಿಳಿದಿಲ್ಲ, ನಿಮಗೆ ಶುಭವಾಗಲಿ ಎಂದಳು. ಲ್ಯಾಬಿನವರು ಇವತ್ತು ನಾಳೆ ಎನ್ನುತ್ತ ಕಾಲ ತಳ್ಳಿದರು. ಕೋಲಿಗೆ ಪ್ಲಾಸ್ಟಿಕ್ ಹೊದಿಸಿ, ಯಾರೂ ಮುಟ್ಟಬಾರದೆಂದು ಅಮೆಂಜೆ ಒಂದು ಚೀಟಿ ಅಂಟಿಸಿದಳು.

ಆ ಚೀಟಿಯನ್ನು ಓದುವ ನೆಪದಲ್ಲಿ ಉವಾದಿಯೆ ಬರತೊಡಗಿದ. ಬರುವಾಗ ಸುಟ್ಟ ಜೋಳ, ತೆಂಗಿನಕಾಯಿ ಚೂರು.

"ಚೀಟಿ ಮೊನ್ನೇನೇ ಓದಿದ್ರಲ್ಲ?"

"ಅಕ್ಷರ ಮುದ್ದಾಗಿದೆ. ಮತ್ತೆ ಮತ್ತೆ ಓದೋಣ ಅನ್ಸುತ್ತೆ."

"ಕೆಲ್ಸ ಇಲ್ವಾ ನಿಮಗೆ?"

"ಇದೆ. ಜೋಳ ತಿನ್ನೋರನ್ನ ನೋಡೋದು."

ಅಮೆಂಜೆಗೆ ನಗು ಬಂದು ಜೋಳದ ಕಾಳು ಗಂಟಲಿಗೆ ಸಿಕ್ಕಿತು. ಅವನು ಬೆನ್ನು ತಟ್ಟಿದ. ತಟ್ಟಿದ ಕೈ ಅಲ್ಲೇ ಸ್ವಲ್ಪ ನಿಂತಿತು. ಕೆತ್ತನೆಯವನ ಅಂಗೈ ಒರಟಾಗಿರುತ್ತದೆಂದು ಗೊತ್ತಿತ್ತು, ಅಷ್ಟು ಬೆಚ್ಚಗಿರುತ್ತದೆಂದು ಗೊತ್ತಿರಲಿಲ್ಲ. ಆ ದಿನದಿಂದ 'ನೀವು' ಹೋಗಿ 'ನೀನು' ಬಂತು.

ಅವರು ಊರಿನ ಹಳೆಯ ಕಂದಕದ ದಂಡೆಯ ಮೇಲೆ ಸಂಜೆ ನಡೆದರು. ಮರಳುಗಾಡಿನ ಕಡೆಯಿಂದ ಒಣಗಾಳಿ ಬೀಸಿ, ಕೆಂಪು ಧೂಳು ಆಕಾಶವನ್ನು ಮುಚ್ಚುವ ಕಾಲ ಅದು. ಅವನ ರೆಪ್ಪೆಯ ಮೇಲೆ ಕೂತ ಧೂಳನ್ನು ಅವಳು ಉಫ್ ಎಂದು ಊದುತ್ತಿದ್ದಳು. ಅವನು ಬೇಕೆಂದೇ ಕಣ್ಣು ಮುಚ್ಚಿಕೊಂಡು, ಇನ್ನೂ ಇದೆ, ಇನ್ನೂ ಇದೆ ಎನ್ನುತ್ತಿದ್ದ. ಅವಳಿಗೆ ಅಷ್ಟು ಸುಖವಾಗಿತ್ತು. ಸುಖದ ನಡುವೆಯೂ ಮಗುಚಿಬಿದ್ದ ಇರುವೆಗಳು ನೆನಪಿಗೆ ಬರುತ್ತಿದ್ದವು.

ಮದುವೆಯ ಮಾತು ಎತ್ತಿದಾಗ ಪಾ ಇಯಾಮು ಕುಣಿದಾಡಿಬಿಟ್ಟರು. "ನಮ್ಮ ಕೋಲನ್ನ ಕಾದ ಹುಡುಗಿ! ಅದೇ ಕೋಲು ಕುಟ್ಟಿ ಹಿರಿಯರಿಗೆ ಒಪ್ಪಿಸ್ತೀನಿ. ಬೇರೆ ಕೋಲಲ್ಲಿ ಅಲ್ಲ. ಒಂದೇ ಒಂದು ದಿನ ಅದು ಮನೆಗೆ ಬರ್ಲಿ."

ಅಂದು ಕುಣಿದವರು ಮುಂದಿನ ವಾರಗಳಲ್ಲಿ ಸೊರಗತೊಡಗಿದರು. ಅನ್ನ ಸೇರದು, ಹೊಟ್ಟೆಯಲ್ಲಿ ಹಿಂಡುವ ನೋವು. ಅಂಗಾಲಿನಲ್ಲಿ ಇರುವೆ ಹರಿದಂತೆ ಎನ್ನುತ್ತಿದ್ದರು. ಕತ್ತಿನ ಮೇಲೆ ಮಳೆಹನಿ ಬಿದ್ದ ಧೂಳಿನಂಥ ಮಚ್ಚೆಗಳೆದ್ದವು. ಡಾಕ್ಟರು ಟೈಫಾಯ್ಡ್ ಎಂದು ಮಾತ್ರೆ ಕೊಟ್ಟರು. ಉವಾದಿಯೆಯ ಸೋದರತ್ತೆ ಒಮೊಸೆ ಮಾತ್ರ ಮಾತ್ರೆಯ ಕಡೆ ನೋಡಲಿಲ್ಲ, ಅಮೆಂಜೆಯ ಕಡೆ ನೋಡಿದಳು. ಮನೆಗೆ ಬರುವ ಹೆಣ್ಣು ಏನಾದರೂ ಮುಚ್ಚಿಟ್ಟರೆ ಹಿರಿಯರು ಅದನ್ನು ಮನೆಯವರ ಮೈಮೇಲೆ ತೋರಿಸುತ್ತಾರೆ, ಅವಳು ಬಾಯಿಬಿಟ್ಟು ಹೇಳುವ ತನಕ ಬಿಡುವುದಿಲ್ಲ. ಒಮೊಸೆ ಮಾತ್ರವಲ್ಲ, ಆ ಬೀದಿಯಲ್ಲಿ ಯಾರೂ ಇದನ್ನು ಅನುಮಾನಿಸುವವರಲ್ಲ.

"ನಿನ್ ಹೊಟ್ಟೇಲಿ ಏನಿದೆ ಹೇಳ್ಬಿಡು ಮಗಳೇ," ಎಂದಳು ಅತ್ತೆ, ಗೆಣಸು ಕುಟ್ಟುತ್ತ. "ಹಳೇ ಹುಡುಗನ ಕಥೆ ಇದ್ರೂ ಹೇಳು. ಹೇಳಿದ್ರೆ ಮುಗೀತು. ಮುಚ್ಚಿಟ್ರೆ ನನ್ನಣ್ಣ ಹೋಗ್ತಾನೆ."

"ಏನೂ ಇಲ್ಲ ಇಯೆ," ಎಂದಳು ಅಮೆಂಜೆ. ಇಯೆ ಎಂದರೆ ಅಮ್ಮ, ಅತ್ತೆಯನ್ನು ಹಾಗೆಯೇ ಕರೆಯುತ್ತಿದ್ದಳು. "ಹೆದರಿಕೆ ಒಂದಿದೆ. ಆ ಕೋಲಿನ ಮೇಲಿರೋದು ಬಿಳಿಜೇಡಿ ಅಲ್ಲ ಅನ್ಸುತ್ತೆ."

ಒನಕೆ ನಿಂತಿತು. "ಇನ್ನೊಬ್ರ ಮುಂದೆ ಈ ಮಾತು ಆಡ್ಬೇಡ," ಎಂದು ಒಮೊಸೆ ಮತ್ತೆ ಕುಟ್ಟತೊಡಗಿದಳು.

ಉಗ್ರಾಣದ ಮುಖ್ಯಸ್ಥರ ಹತ್ತಿರವೂ ಹೋಗಿ, ಲ್ಯಾಬಿನವರು ಹೇಳುವ ತನಕ ಕೋಲು ಹೊರಗೆ ಹೋಗಬಾರದು ಎಂದು ಬೇಡಿದಳು. ಅವರು ನಕ್ಕರು. "ವಿಷ ಇದ್ದಿದ್ರೆ ಅವರು ನಮಗೆ ಹೇಳ್ತಿರ್ಲಿಲ್ವೇನಮ್ಮ? ಎಷ್ಟು ಮರ್ಯಾದಸ್ಥರು ಅವರು!"

ಉವಾದಿಯೆಯ ಕೆಲಸದ ಕಟ್ಟೆಗೆ ಹೋಗಿ ಅವನಿಗೂ ಹೇಳಿದಳು. ಅವನು ಚಿರತೆಯ ತಲೆಯೊಂದನ್ನು ಕೆತ್ತುತ್ತಿದ್ದ. ಅವಳು ನೋಡುತ್ತಿದ್ದಂತೆಯೇ ಉಳಿ ಜಾರಿ, ಹೆಬ್ಬೆರಳು ಸೀಳಿ ರಕ್ತ ಬಂತು. ಅವನಿಗೆ ಅದು ಗೊತ್ತೇ ಆಗಲಿಲ್ಲ. ಅವಳು ಕಿರುಚಿದ ಮೇಲೆ ಕೆಳಗೆ ನೋಡಿದ.

"ನಿನ್ನೇ ನೋಡ್ತಿದ್ನಲ್ಲ. ಬೆರಳು ಎಲ್ಲಿದ್ರೇನು?"

ಇಂಥ ಮಾತಿಗೆ ಕರಗದಿರಲು ಅವಳೇನು ಕಲ್ಲೇ? ಉಟ್ಟ ಬಟ್ಟೆಯ ಅಂಚು ಹರಿದು ಬೆರಳಿಗೆ ಸುತ್ತಿದಳು. ಅವನು ಅವಳ ಕೆನ್ನೆಗೆ ಹಣೆ ಒರಗಿಸಿ, "ಅಪ್ಪ ಉಳಿಯೋದು ಕಷ್ಟ ಅಮೆಂಜೆ," ಎಂದ. "ಒಂದ್ಸಲ ಆ ಕೋಲು ಕುಟ್ಲಿ. ಹಿಡಿಗೆ ನೀನೇ ಬಟ್ಟೆ ಸುತ್ತಿ ಕೊಡು. ಬಟ್ಟೆ ಮೇಲೇ ಹಿಡೀತಾರೆ, ನಾನು ಮಾತು ಕೊಡ್ತೀನಿ." ಅವಳು ಒಪ್ಪಿದಳು. ಪ್ರೀತಿಯಿಂದ ಒಪ್ಪಿದಳು, ಹೆದರಿಕೊಂಡೇ ಒಪ್ಪಿದಳು.

ಹಿರಿಯರಿಗೆ ಒಪ್ಪಿಸುವ ದಿನ ಬೆಳಿಗ್ಗೆ ಅಮೆಂಜೆ ಕೂದಲಿಗೆ ಹವಳ ಮುಡಿಸಿಕೊಳ್ಳುತ್ತಿದ್ದಾಗ ಲಾಗೋಸಿನಿಂದ ಫೋನ್ ಬಂತು. ಲ್ಯಾಬಿನವನು ಕುಶಲವನ್ನೂ ಕೇಳದೆ, "ಮೇಡಂ, ನಿಮ್ಮಲ್ಲಿ ಯಾರೂ ಅದನ್ನ ಬರಿಗೈಲಿ ಮುಟ್ಟಿಲ್ಲ ತಾನೇ?" ಎಂದು ಕೇಳಿದ. "ಅದು ಪಾಷಾಣ. ಹುಳು ಬೀಳಬಾರ್ದು ಅಂತ ಹಿಂದೆ ಬಳೀತಿದ್ರು. ಇಷ್ಟೊಂದು ಬಳಿದಿರೋದು ನಾನು ನೋಡೇ ಇಲ್ಲ."

ಅರ್ಧ ಹವಳ ಮುಡಿದ ತಲೆಯಲ್ಲೇ ಅವಳು ಓಡಿದಳು. ಕೋಲು ಆಗಲೇ ಉಗ್ರಾಣದಿಂದ ಹೊರಟುಹೋಗಿತ್ತು.

ಅಲ್ಲಿಂದ ಉವಾದಿಯೆಯ ಮನೆಗೆ ಬಂದರೆ ಹಿರಿಯರ ಕೋಣೆಯಲ್ಲಿ ಜನ ತುಂಬಿದ್ದರು. ಕೆಂಪು ಮಣ್ಣಿನ ಜಗಲಿಯ ಮೇಲೆ ಹಿರಿಯರ ಎಡೆಗೆ ಕೋಲಾಕಾಯಿ, ಜಿನ್ ಬಾಟಲಿ, ಎಳನೀರು. ಪಾ ಇಯಾಮುವನ್ನು ಇಬ್ಬರು ಹಿಡಿದು ಕೂರಿಸಿದ್ದರು. ಅವಳು ಸುತ್ತಿಕೊಟ್ಟಿದ್ದ ಬಟ್ಟೆ ನೆಲದ ಮೇಲೆ ಬಿದ್ದಿತ್ತು. ಹಿರಿಯರ ಕೋಲನ್ನು ಕೈಗೆ ಕೊಳೆ ಹತ್ತುತ್ತದೆಂಬಂತೆ ಬಟ್ಟೆಯಲ್ಲಿ ಹಿಡಿಯುವುದುಂಟೇ ಎಂದು ಮುದುಕರು ಕಿತ್ತೆಸೆದಿದ್ದರು.

"ಪಾ, ಕೋಲು ಕೆಳಗಿಡಿ," ಎಂದಳು ಅಮೆಂಜೆ ಬಾಗಿಲಲ್ಲೇ.

"ಮದುಮಗಳು ಬಾಯಿ ಮುಚ್ಕೊಂಡು ಮಂಡಿಯೂರ್ಬೇಕು," ಎಂದು ಒಮೊಸೆ ಅವಳ ಭುಜ ಒತ್ತಿ ಕೂರಿಸಿದಳು.

ಪಾ ಇಯಾಮು ಕೋಲು ಕುಟ್ಟಿದರು. ಒಣಗಿದ ಬೆಣೆ ಕಟಕಟ ಎಂದಿತು. ಅಷ್ಟು ವರ್ಷಗಳ ಮೇಲೆ ಬಂದ ಆ ಸದ್ದಿಗೆ ಜನ ಉಸಿರು ಬಿಗಿಹಿಡಿದರು. ಕುಟ್ಟಿದಂತೆಲ್ಲ ಕೋಲಿನಿಂದ ಬಿಳಿ ಪುಡಿ ಉದುರಿ ಬೆಳಕಿನಲ್ಲಿ ತೇಲಿತು. ಮುದುಕರು ಪಕ್ಕದ ಪುಟ್ಟ ಬಟ್ಟಲಿನಿಂದ ಬಿಳಿಜೇಡಿಯ ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡರು, ನಾಲಿಗೆಗೆ ಮುಟ್ಟಿಸಿಕೊಂಡರು. ಆಮೇಲೆ ಮಗನ ಕಡೆ ತಿರುಗಿದರು. ಉವಾದಿಯೆ ರೂಢಿಯಾದವನಂತೆ ಬಾಯಿ ತೆರೆದ.

ಆಗ ಅಮೆಂಜೆ ಮುದುಕರ ಬೆರಳು ನೋಡಿದಳು. ಪ್ರತಿಯೊಂದು ಉಗುರಿನ ಮೇಲೂ ಅಡ್ಡಲಾಗಿ ಒಂದು ಬಿಳಿ ಗೆರೆ. ಪಾಷಾಣ ಹೊಟ್ಟೆಗೆ ಹೋದವರ ಉಗುರು ಹೀಗಾಗುತ್ತದೆಂದು ಅವಳು ಪುಸ್ತಕದಲ್ಲಿ ಓದಿದ್ದಳು.

"ಪಾ, ಆ ಬಟ್ಟಲಲ್ಲಿರೋದು ಎಲ್ಲಿಂದು?"

"ಕೋಲಿಂದೇ ಮಗಳೇ," ಎಂದರು ಪಾ ಇಯಾಮು ಹೆಮ್ಮೆಯಿಂದ. "ಅವತ್ತು ಕರ್ಚೀಫಲ್ಲಿ ತಂದೆ. ಮನೇ ಜೇಡಿ ಜೊತೆ ಕಲಸಿಟ್ಟು, ದಿನಾ ಬೆಳಿಗ್ಗೆ ನಾನೂ ನನ್ನ ಮಗನೂ..."

ಅವಳು ಎದ್ದುಬಿಟ್ಟಳು. ಹಿರಿಯರ ಮುಂದೆ ಬಿಳಿಜೇಡಿ ಚೆಲ್ಲಿದ ಹೆಣ್ಣು ಆ ಮನೆಯ ಹೊಸ್ತಿಲು ಮತ್ತೆ ತುಳಿಯುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎದುರಿಗೆ ಬಾಯಿ ತೆರೆದು ಕೂತವನನ್ನು ಬಿಟ್ಟು ತನಗೆ ಬದುಕಿಲ್ಲ ಎಂದೂ ಗೊತ್ತಿತ್ತು. ಆದರೂ ಹೊಡೆದಳು. ಬಟ್ಟಲು ಗೋಡೆಗೆ ಬಡಿದು ಒಡೆಯಿತು. ಅವಳ ಎರಡೂ ಕೈ ಬೆಳ್ಳಗಾದವು.

ಯಾರೋ ಹೆಂಗಸು ಗೋಳೋ ಎಂದಳು. "ಹೊರಗೆ ಹಾಕ್ರೋ ಅವಳನ್ನ!" ಎಂದ ಒಬ್ಬ.

"ಹಾಕಿ," ಎಂದಳು ಅಮೆಂಜೆ. "ಆದ್ರೆ ಮೊದ್ಲು ಇವರಿಬ್ರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅದು ನಿಮ್ಮಜ್ಜ ಹಚ್ಚಿದ್ದಲ್ಲ ಪಾ. ಅಲ್ಲಿನವರು ಬಳಿದಿರೋ ಪಾಷಾಣ. ಇಲಿಗೆ ಹಾಕೋ ಪಾಷಾಣ. ನಿಮ್ಮ ಉಗುರು ನೋಡ್ಕೊಳ್ಳಿ. ಇಯೆ ಕೇಳಿದ್ರಲ್ಲ, ಹೊಟ್ಟೇಲಿ ಏನಿದೆ ಅಂತ. ಇದೇ ಇತ್ತು. ಇನ್ನೊಂದಿದೆ. ನಿಮ್ಮ ಮಗನ್ನ ನಾನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸ್ತೀನಿ. ಅವನು ಸಾಯೋದನ್ನ ನೋಡ್ಕೊಂಡು ಮಂಡಿಯೂರಿ ಕೂರೋಕೆ ನನ್ ಕೈಲಾಗಲ್ಲ."

ಪಾ ಇಯಾಮು ತಮ್ಮ ಉಗುರುಗಳನ್ನು ನೋಡಿಕೊಂಡರು. ಅವುಗಳನ್ನೂ ಅವರು ಹಿರಿಯರ ಗುರುತೆಂದೇ ತಿಳಿದಿದ್ದರು. "ಮನೆ ಸುಟ್ರು," ಎಂದರು. "ಹೊತ್ಕೊಂಡು ಹೋದ್ರು. ಆಮೇಲೆ ವಿಷಾನೂ ಬಳಿದ್ರಾ? ಬಳಿದಿದೀವಿ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ ಅವರಿಗೆ?"

ಅವರು ಕೋಲನ್ನು ಮೆಲ್ಲಗೆ ನೆಲದ ಮೇಲೆ ಮಲಗಿಸಿದರು, ಸತ್ತವರನ್ನು ಮಲಗಿಸುವಂತೆ. ಆಮೇಲೆ ತಂಗಿಯನ್ನು ಕರೆದರು. "ಒಮೊಸೆ, ಬೋಗುಣಿ ತಾ."

ಒಮೊಸೆ ಕದಲಲಿಲ್ಲ. ಆ ಬೋಗುಣಿ ನೀರು ತುಂಬಿಕೊಂಡು ಬಾಗಿಲ ಪಕ್ಕದಲ್ಲಿ ಕಾಯುತ್ತಿತ್ತು. ಹಿರಿಯರು ಒಪ್ಪಿದ ಮೇಲೆ ಮನೆಯ ದೊಡ್ಡ ಹೆಂಗಸು ಅದರಲ್ಲಿ ಮದುಮಗಳ ಕೈ ತೊಳೆಯಬೇಕು. ತೊಳೆದರೆ ಅವಳು ಆ ಮನೆಯವಳು, ಅದನ್ನು ಯಾರೂ ಹಿಂದಕ್ಕೆ ಪಡೆಯುವಂತಿಲ್ಲ.

"ಅಣ್ಣಾ, ಇವಳು ಜೇಡಿ ಚೆಲ್ಲಿದ್ದಾಳೆ."

"ನನ್ ಸೊಸೆ ಕೈಮೇಲೆ ವಿಷ ಇದೆ ಕಣೇ. ತೊಳಿ. ಸೋಪು ಹಾಕಿ ತೊಳಿ."

ಒಮೊಸೆ ಬಂದಳು. ಬಾಯಲ್ಲಿ ಏನೇನೋ ಗೊಣಗುತ್ತ ಅಮೆಂಜೆಯ ಕೈಗಳನ್ನು ನೀರಿಗೆ ಅದ್ದಿ, ಬಟ್ಟೆ ಸೋಪು ತರಿಸಿ, ಉಗುರುಸಂದಿಯನ್ನೂ ಬಿಡದೆ ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ ಅತ್ತಳು. ನೀರು ಬೆಳ್ಳಗಾಯಿತು. ಯಾರೂ ಹಾಡಲಿಲ್ಲ, ಡೋಲು ಬಾರಿಸಲಿಲ್ಲ. ಅಮೆಂಜೆಯ ಮದುವೆ ಹೀಗಾಯಿತು.

ಉಗ್ರಾಣದ ವ್ಯಾನಿನಲ್ಲಿ ಆಸ್ಪತ್ರೆಗೆ ಹೊರಟರು. ಪಾ ಇಯಾಮು ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದರು, ಉಸಿರಾಟ ಕೇಳಿಸುತ್ತಿತ್ತು. ಹಿಂದೆ ಉವಾದಿಯೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

"ಕೈ ತೋರ್ಸು," ಎಂದಳು ಅಮೆಂಜೆ.

"ಬೇಡ."

"ಉವಾದಿಯೆ."

ಅವನು ಕೈ ತೆಗೆದ. ಅವನ ಉಗುರುಗಳ ಮೇಲೂ ಗೆರೆಗಳಿದ್ದವು, ಅಪ್ಪನದಕ್ಕಿಂತ ತೆಳ್ಳಗೆ.

"ಯಾವಾಗಿಂದ?"

"ಉಳಿ ತಾಗಿತಲ್ಲ, ಅದಕ್ಕೂ ಮುಂಚೆ. ಮೊದ್ಲು ಜುಮ್ಮನ್ನೋದು. ಆಮೇಲೆ ಏನೂ ಗೊತ್ತಾಗ್ತಿರ್ಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಬೆರಳು ಸತ್ತ ಕೆತ್ತನೆಯವನನ್ನ ಯಾರೇ ಮದ್ವೆ ಆಗ್ತಾರೆ?" ಎಂದು ನಗಲು ನೋಡಿದ. ಆಗಲಿಲ್ಲ. "ಅತ್ತೆ ನಿನ್ನನ್ನ ಬೈತಿದ್ಲು, ಮುಚ್ಚಿಟ್ಟಿದೀಯ ಅಂತ. ಮುಚ್ಚಿಟ್ಟೋನು ನಾನು. ವಾಸಿ ಆಗುತ್ತಾ?"

"ಕೆಲವರಿಗೆ ಆಗುತ್ತೆ," ಎಂದಳು. ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿರಲಿಲ್ಲ.

ಹೊರಗೆ ಧೂಳಿನಲ್ಲಿ ಸೂರ್ಯ ಮಂಕಾಗಿ ಕಾಣುತ್ತಿದ್ದ. ಅವಳು ಅವನ ಬೆರಳ ತುದಿಗಳನ್ನು ತನ್ನ ಬೆರಳುಗಳ ನಡುವೆ ತೆಗೆದುಕೊಂಡಳು.

"ಗೊತ್ತಾಗ್ತಿದ್ಯಾ?"

"ಇಲ್ಲ."

ಒತ್ತಿದಳು. "ಈಗ?"

"ಇನ್ನೂ ಗಟ್ಟಿ."

ಅವಳು ಎರಡೂ ಕೈಯಲ್ಲಿ ಹಿಡಿದು, ತನ್ನ ಗೆಣ್ಣುಗಳೇ ನೋಯುವ ಹಾಗೆ ಒತ್ತಿದಳು. "ಈಗ?"

ಅವನು ಅವಳ ಮುಖ ನೋಡಿದ. ಸ್ವಲ್ಪ ತಡೆದು, "ಹ್ಞೂಂ," ಎಂದ. "ಗೊತ್ತಾಗ್ತಿದೆ."

ನಿಜ ಹೇಳಿದನೋ ಸುಳ್ಳು ಹೇಳಿದನೋ ಅವಳು ಕೇಳಲಿಲ್ಲ, ಕೈಯನ್ನೂ ಬಿಡಲಿಲ್ಲ.